ಟೈರಿನ ಕಪ್ಪು ನಿಲ್ಲದಿದ್ದರೆ: ಬಾಟಲಿ ಬದಲಿಸುವ ಮೊದಲು ನೋಡಬೇಕಾದದ್ದು

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯಲ್ಲಿ ನನ್ನದೊಂದು ವಾಟರ್ ಸರ್ವಿಸ್ ಉಂಟು. ತಗಡಿನ ಮಾಡು, ಒಂದು ಪ್ರೆಶರ್ ಪಂಪು, ಒಂದು ಕಂಪ್ರೆಸರ್, ಇಬ್ಬರು ಹುಡುಗರು. ಬಾಡಿ ಸರಿಯಾಗಿ ತೊಳೆದಿಲ್ಲ ಎಂದು ವಾಪಸು ಬಂದವರು ಕಡಿಮೆ. ಟೈರಿನ ದೂರು ಹಿಡಿದುಕೊಂಡು ಬಂದವರಿಗೆ ಲೆಕ್ಕವಿಲ್ಲ. "ನಿನ್ನೆ ಹಾಕಿದ ಪಾಲಿಶ್ ಇವತ್ತು ಎಲ್ಲಿ ಹೋಯ್ತು?" "ಬಾಗಿಲಿಗೆಲ್ಲ ಎಂತದ್ದೋ ರಟ್ಟಿದೆ." "ಟೈರ್ ಕಪ್ಪಾಗುವುದು ಬಿಟ್ಟು ಕೆಂಪಾಯ್ತಲ್ಲ ಮಾರಾಯ." ಎಲ್ಲರೂ ಬೈಯುವುದು ಬಾಟಲಿಯನ್ನು. ದುಬಾರಿ ಬಾಟಲಿ ತರಿಸಿ ಹಚ್ಚಿದ ಮೇಲೂ ಅದೇ ಕಥೆಯಾದರೆ ಬೈಗುಳ ನನ್ನ ಕಡೆ ತಿರುಗುತ್ತದೆ, ಅದು ನ್ಯಾಯವೇ. ತಪ್ಪು ಹೆಚ್ಚಾಗಿ ಪಾಲಿಶಿನಲ್ಲಿ ಇರುವುದಿಲ್ಲ, ಪಾಲಿಶಿನ ಅಡಿಯಲ್ಲಿ ಇರುತ್ತದೆ. ಗುಡಿಸದ ಅಂಗಳಕ್ಕೆ ರಂಗೋಲಿ ಇಟ್ಟರೆ ರಂಗೋಲಿ ಪುಡಿಯನ್ನು ಬೈದು ಏನು ಪ್ರಯೋಜನ?

ಮೊದಲು ಬಿಳಿ ಬಟ್ಟೆ

ಯಾವ ದೂರು ಬಂದರೂ ನಾನು ಮೊದಲು ಮಾಡುವುದು ಒಂದೇ ಕೆಲಸ. ಹಳೆ ಬಿಳಿ ಪಂಚೆಯ ತುಂಡು ಒದ್ದೆ ಮಾಡಿ ಟೈರಿನ ಬದಿಯನ್ನು ಒಂದು ಗೇಣು ಉದ್ದಕ್ಕೆ ಗಟ್ಟಿಯಾಗಿ ಒರೆಸುತ್ತೇನೆ. ಬಟ್ಟೆಗೆ ಬಂದ ಬಣ್ಣವೇ ಅರ್ಧ ಉತ್ತರ ಹೇಳುತ್ತದೆ.

ಇಟ್ಟಿಗೆ ಕೆಂಪು ಬಂದು, ಒರೆಸಿದ ಜಾಗ ಕೂಡಲೇ ಕಪ್ಪಾಗಿ ಕಂಡರೆ ಅದು ಬರೀ ಮುರಮಣ್ಣು. ನಮ್ಮ ಊರಿನ ಮಣ್ಣಿನ ರಸ್ತೆಯಲ್ಲಿ ಓಡಿದ ಯಾವ ಟೈರಿಗೂ ಇದು ಇದ್ದದ್ದೇ, ನೀರು ಹೊಡೆದರೆ ಹೋಗುತ್ತದೆ. ಬಟ್ಟೆಗೆ ಚಹಾದ ಕಂದು ಅಂಟಿ, ಟೈರಿನ ಮೇಲೆ ಇನ್ನೂ ಕಂದು ಉಳಿದಿದ್ದರೆ ಅದು ರಬ್ಬರಿನ ಒಳಗಿಂದಲೇ ಬಂದದ್ದು. ಅದರ ಕಥೆ ಮುಂದೆ ಉಂಟು. ಜಿಡ್ಡು ಜಿಡ್ಡಾದ ಕಪ್ಪು ಬಂದರೆ ಹಳೆ ಪಾಲಿಶ್ ಮೇಲೆ ಪಾಲಿಶ್ ಬಿದ್ದು ಪದರ ಕಟ್ಟಿದೆ ಎಂದರ್ಥ.

ಆಮೇಲೆ ಒಂದು ಮಗ್ ನೀರು ಸುರಿದು ನೋಡಿ. ನೀರು ಕೆಸುವಿನ ಎಲೆಯ ಮೇಲೆ ಬಿದ್ದ ಹಾಗೆ ಮುತ್ತಾಗಿ ಉರುಳಿ ಹೋದರೆ ಅಲ್ಲಿ ಹಳೆ ಪಾಲಿಶಿನ ಸಿಲಿಕೋನ್ (ಹೊಳಪು ಕೊಡುವ ಎಣ್ಣೆಯಂಥ ವಸ್ತು) ಇನ್ನೂ ಕೂತಿದೆ. ತೆಳ್ಳಗೆ ಹರಡಿದರೆ ಮೇಲ್ಮೈ ಬಹುಮಟ್ಟಿಗೆ ಸ್ವಚ್ಛ. ಒಣಗಿದ ಮೇಲೆ ಹೆಬ್ಬೆರಳಿನಿಂದ ತಿಕ್ಕಿದರೆ ಬೆರಳು ಜಾರಬಾರದು, ಕಚ್ಚಿ ಹಿಡಿಯಬೇಕು. ಈ ಮೂರಕ್ಕೂ ಸೇರಿ ಎರಡು ನಿಮಿಷ ಸಾಕು. ಬಂದವರು ಆ ಎರಡು ನಿಮಿಷದಲ್ಲಿ ನನ್ನನ್ನು ಸ್ವಲ್ಪ ಅನುಮಾನದಿಂದ ನೋಡುವುದು ಬೇರೆ ಮಾತು.

"ತೊಳೆದು ವಾರ ಆಗಲಿಲ್ಲ, ಮತ್ತೆ ಕಂದು"

ಅತಿ ಹೆಚ್ಚು ಬರುವ ದೂರು ಇದು, ತಪ್ಪು ಮದ್ದು ಮಾಡಿಸಿಕೊಳ್ಳುವುದೂ ಇದಕ್ಕೇ.

ನಮ್ಮಲ್ಲಿ ಗುಡ್ಡದ ಕಡೆ ರಬ್ಬರ್ ತೋಟ ಇದ್ದವರಿಗೆ ಹೇಳಬೇಕಾಗಿಲ್ಲ, ರಬ್ಬರ್ ಹಾಲು ಬಿಳಿ, ಹೊಗೆ ಹಾಕಿದ ಶೀಟು ಕಂದು. ಟೈರಿಗೆ ಕಪ್ಪು ಬರುವುದು ಅದಕ್ಕೆ ಸೇರಿಸುವ ಕಾರ್ಬನ್ ಬ್ಲ್ಯಾಕ್‌ನಿಂದ. ಅದರ ಜೊತೆ ಮೇಣವನ್ನೂ, ಓಝೋನ್ ತಡೆಯುವ ರಾಸಾಯನಿಕವನ್ನೂ ಕಾರ್ಖಾನೆಯಲ್ಲೇ ಬೆರೆಸುತ್ತಾರೆ. ಗಾಳಿಯಲ್ಲಿರುವ ಓಝೋನ್ ರಬ್ಬರಿನ ಕೊಂಡಿಗಳನ್ನು ಕಡಿಯುತ್ತದೆ, ಬಿರುಕು ಬರುವುದು ಹಾಗೆ. ಟೈರ್ ಉರುಳುತ್ತಾ ಬಾಗಿ ಬಾಗಿ ಎದ್ದಾಗ ಈ ರಕ್ಷಕ ವಸ್ತು ಚೂರು ಚೂರೇ ಮೇಲಕ್ಕೆ ಬರುತ್ತದೆ. ರಬ್ಬರಿಗೆ ಬೀಳಬೇಕಾದ ಏಟನ್ನು ತಾನು ತಿಂದು ಕಂದಾಗುತ್ತದೆ. ಸರ್ವಿಸಿನವರು ಇದಕ್ಕೆ ಬ್ಲೂಮಿಂಗ್ ಎನ್ನುತ್ತಾರೆ. ಅಂದರೆ ಕಂದು ಬಂದ ಟೈರ್ ಹಾಳಾದ ಟೈರ್ ಅಲ್ಲ, ಕೆಲಸ ಮಾಡುತ್ತಿರುವ ಟೈರ್.

ಆದರೆ ಆ ಕಂದಿನ ಮೇಲೇ ಪಾಲಿಶ್ ಹಚ್ಚಿದರೆ ಪಾಲಿಶ್ ರಬ್ಬರನ್ನು ಮುಟ್ಟುವುದೇ ಇಲ್ಲ. ಒದ್ದೆ ಇರುವ ತನಕ ಕಪ್ಪು ಕಾಣುತ್ತದೆ, ಒಣಗಿದ ಮೇಲೆ ಕಂದು ಇಣುಕುತ್ತದೆ. ಆಗ ಜನ ಇನ್ನೊಂದು ಕೋಟು ಹಾಕುತ್ತಾರೆ. ಕಂದು, ಜಿಡ್ಡು, ಧೂಳು, ಮತ್ತೆ ಜಿಡ್ಡು ಎಂದು ಪದರ ಏರುತ್ತಾ ಹೋಗುತ್ತದೆ.

ಮದ್ದು ಇಷ್ಟೇ: ಗಡಸು ನೈಲಾನ್ ಬ್ರಷ್, ನೀರಿಗೆ ಬೆರೆಸಿದ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರಾವಣ) ಅಥವಾ ಎಪಿಸಿ ಎಂಬ ಎಲ್ಲದಕ್ಕೂ ಆಗುವ ಕ್ಲೀನರ್, ಮತ್ತೆ ರಟ್ಟೆಯಲ್ಲಿ ಚೂರು ಬಲ. ಬೆರೆಸುವ ಪ್ರಮಾಣ ಬಾಟಲಿಯ ಮೇಲೆ ಬರೆದದ್ದನ್ನು ನೋಡಿ, ಕಣ್ಣಂದಾಜು ಬೇಡ. ಟೈರ್ ಬಿಸಿ ಇರಬಾರದು, ಬಿಸಿಲಿಗೆ ಮುಖ ಮಾಡಿ ನಿಲ್ಲಿಸಬಾರದು. ನೊರೆ ಮೊದಲು ಬೆಲ್ಲದ ಪಾಕದ ಬಣ್ಣಕ್ಕೆ ಬರುತ್ತದೆ. ಅದು ಒಣಗುವ ಮೊದಲು ನೀರು ಹೊಡೆದು ಮತ್ತೊಮ್ಮೆ ಉಜ್ಜಿ. ನೊರೆ ಬಿಳಿಯಾಗಿಯೇ ಉಳಿಯುವ ತನಕ ನಿಲ್ಲಿಸಬೇಡಿ. ಒಂದು ವರ್ಷದಿಂದ ಬರೀ ಪಾಲಿಶ್ ಕಂಡ ಟೈರಿಗೆ ನಾನು 4 ಸಲ ಉಜ್ಜಿದ್ದುಂಟು. ಹೊಸ ಟೈರಿಗೂ ಒಂದು ಸಲ ಬೇಕು, ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರುವ ವಸ್ತು ಅದರ ಮೇಲೆ ಉಳಿದಿರುತ್ತದೆ. ಕೊನೆಗೆ ಅಕ್ಷರಗಳ ಸಂದಿಯಲ್ಲೂ ಸೋಪು ಉಳಿಯದ ಹಾಗೆ ನೀರು ಬಿಡಿ. ಉಳಿದ ಡಿಗ್ರೀಸರ್ ಮೇಲೆ ಪಾಲಿಶ್ ಕೂರುವುದಿಲ್ಲ.

ಬೇಡದ್ದು: ತಂತಿ ಬ್ರಷ್, ಸೀಮೆಎಣ್ಣೆ, ಪೆಟ್ರೋಲು, ಬಚ್ಚಲು ತೊಳೆಯುವ ಆಸಿಡ್, ಬ್ಲೀಚಿಂಗ್ ಪುಡಿ. ಆಸಿಡ್ ಅಲಾಯ್ ಮೇಲೆ ಬಿದ್ದರೆ ಆ ಕಲೆ ರಿಮ್ ಇರುವ ತನಕ ಇರುತ್ತದೆ.

ಆ ಕಂದು ನೊರೆಯನ್ನು ತೋಡಿಗೆ ಬಿಡಬೇಡಿ. ಓಝೋನ್ ತಡೆಯಲು ಬಳಸುವ 6ಪಿಪಿಡಿ ಎಂಬ ವಸ್ತು ಓಝೋನ್ ಜೊತೆ ಸೇರಿ ಇನ್ನೊಂದು ವಸ್ತುವಾಗುತ್ತದೆ. ಮಳೆನೀರಿನ ಜೊತೆ ಹೊಳೆ ಸೇರಿ ಕೋಹೋ ಎಂಬ ಸಾಲ್ಮನ್ ಮೀನನ್ನು ಕೊಲ್ಲುತ್ತಿದ್ದದ್ದು ಅದೇ ಎಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಂಶೋಧಕರು 2020ರಲ್ಲಿ ಪತ್ತೆ ಮಾಡಿದರು. ಶಿರಿಯ ಹೊಳೆಯಲ್ಲಿ ಆ ಮೀನು ಇಲ್ಲ ನಿಜ. ಆದರೂ ನಾನು ನನ್ನ ನೀರನ್ನು ಗುಂಡಿಗೆ ಬಿಡುತ್ತೇನೆ, ಪಕ್ಕದ ಗದ್ದೆಗೆ ಬಿಡುವುದಿಲ್ಲ.

ಬಣ್ಣದ ಮಾತು ಬಂದಾಗ ನಮ್ಮ ಕಡೆಯದೇ ಒಂದು ವಿಶೇಷ ಹೇಳಬೇಕು. ಮಳೆಗಾಲದ ಮುಂಚೆ ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ಬರುವ ಪಿಕಪ್ಪು, ಜೀಪುಗಳ ಟೈರಿನ ಮೇಲೆ ನೀಲಿ ಮಿಶ್ರಿತ ಬಿಳಿ ಗೆರೆಗಳು ಇರುತ್ತವೆ. ಪಾಲಿಶ್ ಹಾಕಿದರೆ ಆ ಗೆರೆ ಬೂದಿಯಾಗಿ ಎದ್ದು ಕಾಣುತ್ತದೆ. ಅದು ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಅಂಟಿಕೊಳ್ಳಲಿ ಎಂದೇ ಮಾಡಿದ ಮದ್ದು, ಮಳೆಗೇ ಜಗ್ಗದ್ದು ನಿಮ್ಮ ಪೈಪಿನ ನೀರಿಗೆ ಜಗ್ಗುತ್ತದೆಯೇ? ತಾಮ್ರ ರಬ್ಬರಿಗೆ ಆಗದ ವಸ್ತು ಬೇರೆ, ರಬ್ಬರ್ ಹಾಲಿಗೆ ತಾಮ್ರ ತಾಗಬಾರದು ಎಂಬುದು ಟ್ಯಾಪಿಂಗ್ ಮಾಡುವವರಿಗೆ ಗೊತ್ತು. ಮದ್ದು ಬಿಟ್ಟ ದಿನವೇ ಸೋಪುನೀರಿನಲ್ಲಿ ಉಜ್ಜಿದರೆ ಸುಲಭ. ಒಣಗಿ ಸುಣ್ಣ ಕಟ್ಟಿದ್ದರೆ ನೀರು ಬೆರೆಸಿದ ವಿನೆಗರನ್ನು ಬಟ್ಟೆಗೆ ಹಾಕಿ ಒರೆಸಿ, ರಿಮ್ಮಿಗೆ ತಾಗದ ಹಾಗೆ, ಆಮೇಲೆ ಚೆನ್ನಾಗಿ ನೀರು ಹೊಡೆಯಿರಿ.

ಬಾಗಿಲಿಗೆ ರಟ್ಟಿದ ಚುಕ್ಕೆ

ಇದರಲ್ಲಿ ನನ್ನದೇ ಮಾನ ಹೋದ ಕಥೆ ಉಂಟು. ನಮ್ಮೂರಿನ ಒಬ್ಬರು ಮಾಷ್ಟ್ರು ಮಗಳ ಮದುವೆಗೆಂದು ಬೆಳಿಗ್ಗೆ 7 ಗಂಟೆಗೆ ಬಿಳಿ ಕಾರು ತಂದು ನಿಲ್ಲಿಸಿದರು. ಮುಹೂರ್ತ ಮಧೂರಿನಲ್ಲಿ, ಅವಸರ. ತೊಳೆದೆ, ಟೈರ್ ಒಣಗುವ ಮೊದಲೇ ಜೆಲ್ ಪಾಲಿಶ್ ದಪ್ಪಗೆ ಬಳಿದೆ, ಮಿರಮಿರ ಮಿಂಚಿತು, ಮಾಷ್ಟ್ರು ಹೊರಟರು. ಮಧ್ಯಾಹ್ನ ಊಟಕ್ಕೆ ನಾನೂ ಹೋಗಿದ್ದೆ. ದೇವಸ್ಥಾನದ ಹೊರಗೆ ಕಾರು ನೋಡಿದರೆ ಮುಂದಿನ ಬಾಗಿಲಿನ ಕೆಳಗಿಂದ ಹಿಂದಿನ ಬಂಪರಿನ ತನಕ ಕಪ್ಪು ಚುಕ್ಕೆ. ಮಾಷ್ಟ್ರು ಬೈಯಲಿಲ್ಲ. ಹತ್ತಿರ ಬಂದು, "ದೃಷ್ಟಿಬೊಟ್ಟು ಒಂದು ಸಾಕಿತ್ತು ಮಾರಾಯ, ಇಷ್ಟು ಬೇಡ ಇತ್ತು" ಎಂದರು. ಪಾಯಸ ಗಂಟಲಲ್ಲಿ ಇಳಿಯಲಿಲ್ಲ.

ಆದದ್ದು ಏನು ಎಂದು ಲೆಕ್ಕ ಹಾಕಿ ನೋಡಿ. ಸಣ್ಣ ಕಾರಿನ 14 ಇಂಚಿನ ಟೈರ್ ಒಂದು ಸುತ್ತು ಬಂದರೆ ಕಾರು 1.8 ಮೀಟರ್ ಆಚೀಚೆ ಮುಂದೆ ಹೋಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಒಂದು ಸೆಕೆಂಡಿಗೆ ಸುಮಾರು 9 ಸುತ್ತು ತಿರುಗುತ್ತದೆ. ರಬ್ಬರಿಗೆ ಹಿಡಿಯದೆ ಮೇಲೆ ತೇಲುತ್ತಿರುವ ಪಾಲಿಶ್ ಆ ತಿರುಗಣಿಯಲ್ಲಿ ಎಲ್ಲಿ ನಿಲ್ಲಬೇಕು? ಮುಂದಿನ ಚಕ್ರದ್ದು ಬಾಗಿಲಿಗೆ, ಹಿಂದಿನದ್ದು ಬಂಪರಿಗೆ.

ಆದರೆ ಬಾಗಿಲಿನ ಚುಕ್ಕೆಯೆಲ್ಲ ಪಾಲಿಶಿನದ್ದೇ ಎಂದು ಒಪ್ಪಿಕೊಳ್ಳಬೇಡಿ. ತಲಪಾಡಿಯಿಂದ ಈಚೆ ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥ ಮಾಡುವ ಕೆಲಸ ನಡೆಯುತ್ತಿದ್ದಾಗ ನನ್ನ ಹತ್ತಿರ ಬಂದ ಚುಕ್ಕೆಗಳಲ್ಲಿ ಡಾಂಬರಿನದ್ದೂ ಧಾರಾಳ ಇತ್ತು. ಗುರುತು ಸುಲಭ. ಉಗುರು ತಾಗಿಸಿದರೆ ಡಾಂಬರು ಗಟ್ಟಿ ಕಾಳಿನ ಹಾಗೆ ಎತ್ತರವಾಗಿ ಸಿಗುತ್ತದೆ, ಸೋಪಿಗೆ ಕರಗುವುದಿಲ್ಲ, ಟಾರ್ ರಿಮೂವರ್ ತಾಗಿದರೆ ಕಂದಾಗಿ ಇಳಿಯುತ್ತದೆ. ಪಾಲಿಶಿನ ಚುಕ್ಕೆಗೆ ಎತ್ತರವೇ ಇಲ್ಲ, ಬೆರಳಲ್ಲಿ ಎಳೆದರೆ ಎಣ್ಣೆಯ ಹಾಗೆ ಉದ್ದವಾಗುತ್ತದೆ. ಅದನ್ನು ತೆಗೆಯಲು ಮೊದಲು ಸೋಪುನೀರು, ಜಿಡ್ಡು ಉಳಿದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿದ ಮೈಕ್ರೋಫೈಬರ್ ಬಟ್ಟೆ. ಧೂಳಿನ ಬಾಗಿಲನ್ನು ಒಣ ಬಟ್ಟೆಯಲ್ಲಿ ತಿಕ್ಕಿದರೆ ಚುಕ್ಕೆ ಹೋಗಿ ಗೀರು ಬರುತ್ತದೆ.

ಪಾಲಿಶಿನದ್ದೇ ಎಂದು ಗೊತ್ತಾದರೆ ಕಾರಣ ಮೂರರಲ್ಲಿ ಒಂದು: ಟೈರ್ ಒದ್ದೆ ಇತ್ತು, ಪಾಲಿಶ್ ಹೆಚ್ಚಾಯಿತು, ಅಥವಾ ಒಣಗಲು ಬಿಡಲಿಲ್ಲ. ಮಾಷ್ಟ್ರ ಕಾರಿನಲ್ಲಿ ನಾನು ಮೂರನ್ನೂ ಮಾಡಿದ್ದೆ. ಈಗ ತೊಳೆದ ಮೇಲೆ ಕಂಪ್ರೆಸರ್ ಗಾಳಿಯನ್ನು ಅಕ್ಷರಗಳ ಸಂದಿಗೂ ರಿಮ್ಮಿನ ಅಂಚಿಗೂ ಹೊಡೆಯುತ್ತೇನೆ, ನೀರು ಅಡಗಿ ಕೂರುವುದು ಅಲ್ಲೇ. ಮನೆಯಲ್ಲಿ ಮಾಡುವವರು ಒಂದು ರೌಂಡು ಓಡಿಸಿಕೊಂಡು ಬನ್ನಿ, ಆಮೇಲೆ ಬಟ್ಟೆಯಿಂದ ಒರೆಸಿ. ಪಾಲಿಶ್ ಸ್ಪಂಜಿಗೆ ಹಾಕಬೇಕು, ಟೈರಿಗಲ್ಲ. ಸಣ್ಣ ಕಾರಿನ ಒಂದು ಟೈರಿಗೆ ಒಂದು ಚಹಾ ಚಮಚ ಸಾಕು. ತೆಳುವಾಗಿ ಹಚ್ಚಿ 20 ನಿಮಿಷ ಬಿಟ್ಟು, ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ. ಬೆರಳು ಕಪ್ಪಾದರೆ ಹಳೆ ಬನಿಯನ್ ತೆಗೆದುಕೊಂಡು ಒಮ್ಮೆ ಒರೆಸಿ ಬಿಡಿ. ಹೊಳಪು ಬೇಕೇ ಬೇಕು ಎನ್ನುವವರು ಆಮೇಲೆ ಇನ್ನೊಂದು ತೆಳು ಕೋಟು ಹಾಕಲಿ. ಒಂದು ದಪ್ಪ ಕೋಟಿಗಿಂತ ಎರಡು ತೆಳು ಕೋಟು ಎಷ್ಟೋ ವಾಸಿ.

ಮಳೆಗೆ ಹೋಯಿತು

ಒಂದೇ ಮಳೆಗೆ ಬಿಳಿ ಹಾಲಿನ ಹಾಗೆ ಇಳಿದು ಹೋದರೆ ಪಾಲಿಶ್ ಒಣಗಿರಲಿಲ್ಲ. ಎರಡು ವಾರದಲ್ಲಿ ನಿಧಾನವಾಗಿ ಮಂಕಾದರೆ ಅದು ದೋಷವೇ ಅಲ್ಲ, ಅದರ ಆಯುಷ್ಯ ಅಷ್ಟೇ. ಗ್ಲಿಸರಿನ್ ನೀರಿಗೆ ಬೆರೆಸಿ ಮನೆಯಲ್ಲಿ ಮಾಡಿದ್ದಾದರೆ ಮಳೆ ಬೇಕಾಗಿಯೂ ಇಲ್ಲ, ಒಂದು ಬಕೆಟ್ ನೀರು ಸಾಕು, ಗ್ಲಿಸರಿನ್ ನೀರಿಗೆ ಕರಗುವ ವಸ್ತು.

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಜಾತಿ. ಹಾಲಿನ ಹಾಗೆ ಬೆಳ್ಳಗೆ ಇರುವುದು ನೀರಿನದ್ದು. ಹೊಳಪು ಕಡಿಮೆ, ಒಣಗಿದರೆ ಅಂಟು ಕಡಿಮೆ, ಧೂಳು ಹಿಡಿಯುವುದು ಕಡಿಮೆ, ಮಳೆಗೆ ಬಾಳಿಕೆಯೂ ಕಡಿಮೆ. ಪಾರದರ್ಶಕವಾಗಿದ್ದು, ಸೀಮೆಎಣ್ಣೆಯ ವಾಸನೆ ಹೊಡೆದು, ಡಬ್ಬಿಯ ಮೇಲೆ ಬೆಂಕಿಯ ಗುರುತು ಇದ್ದರೆ ಅದು ಸಾಲ್ವೆಂಟಿನದ್ದು. ಕನ್ನಡಿಯ ಹಾಗೆ ಮಿಂಚುತ್ತದೆ, ನೀರಿಗೆ ಜಗ್ಗುವುದಿಲ್ಲ, ಆದರೆ ರಟ್ಟುವುದೂ ಧೂಳು ಹಿಡಿಯುವುದೂ ಅದೇ. ಪೆಟ್ರೋಲಿಯಂ ದ್ರಾವಕ ಪದೇ ಪದೇ ಬಿದ್ದರೆ ರಬ್ಬರಿನ ಮೇಲಿನ ಮೇಣವೂ ತೊಳೆದು ಹೋಗುತ್ತದೆ. ನನಗೆ ಎರಡನೆಯದ್ದು ಸೇರುವುದಿಲ್ಲ. ಡಿಸೆಂಬರಿನಿಂದ ಮೇ ತನಕ ಧೂಳಿನ ಕಾಲದಲ್ಲಿ ನೀರಿನದ್ದು ಹಚ್ಚುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಯಾರಾದರೂ ಕೇಳಿದರೆ ಬರೀ ತೊಳೆದು ಕಳಿಸುತ್ತೇನೆ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಟೈರ್ ಒಣಗಿಸಲು ನಾನು ಎಲ್ಲಿಂದ ಬಿಸಿಲು ತರಲಿ? ಗಟ್ಟಿಯಾಗಿ ಕೂರುವ ಟೈರ್ ಕೋಟಿಂಗ್ ಎಂದೂ ಬಂದಿದೆ, ಅದು ಮಳೆಗೆ ನಿಲ್ಲುತ್ತದೆ, ಆದರೆ ಅದನ್ನು ಹಾಕುವ ದಿನ ಟೈರ್ ಪೂರಾ ಸ್ವಚ್ಛ, ಪೂರಾ ಒಣಗಿ ಇರಬೇಕು. ಅದೂ ಮಳೆಗಾಲಕ್ಕೆ ಮುಂಚೆ ಮಾಡುವ ಕೆಲಸ.

ಅಂಟು ಮತ್ತು ಧೂಳು

ಬೆರಳು ಇಟ್ಟರೆ ಅಂಟುತ್ತದೆ, ಸಂಜೆಗೆ ಟೈರ್ ಮಣ್ಣಿನ ಉಂಡೆ. ಹೀಗೆಂದವರನ್ನು ನಾನು ಮೆಲ್ಲಗೆ ಕೇಳುತ್ತೇನೆ: "ಅಣ್ಣ, ತೆಂಗಿನೆಣ್ಣೆ ಹಾಕಿದ್ದಾ?" ಹೆಚ್ಚಿನವರು ನಗುತ್ತಾರೆ. ತೆಂಗಿನ ಸಂಶೋಧನಾ ಕೇಂದ್ರವೇ ಇರುವ ಊರು ನಮ್ಮದು, ತಲೆಗೆ, ದೀಪಕ್ಕೆ, ಪಲ್ಯಕ್ಕೆ ಆದ ಎಣ್ಣೆ ಟೈರಿಗೆ ಯಾಕಾಗದು ಎಂಬ ಧೈರ್ಯ. ಎರಡು ಗಂಟೆ ಚಂದವೇ ಕಾಣುತ್ತದೆ. ಆದರೆ ಅದು ಒಣಗುವ ಎಣ್ಣೆಯಲ್ಲ, ಧೂಳಿಗೆ ಗೋಂದಾಗಿ ಕೂರುತ್ತದೆ. ಇನ್ನು ಡೀಸೆಲು, ಇಂಜಿನ್ನಿಂದ ಇಳಿಸಿದ ಕರಿ ಆಯಿಲು ಹಚ್ಚುವವರೂ ಇದ್ದಾರೆ, ಲಾರಿಯವರಲ್ಲಿ ಜಾಸ್ತಿ. ಅದು ಅಂಟಿನ ಪ್ರಶ್ನೆಯಲ್ಲ, ಖನಿಜ ಎಣ್ಣೆ ರಬ್ಬರಿನ ಒಳಗೆ ಇಳಿದು ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಎಲ್ಲಕ್ಕೂ ಮದ್ದು ಮೇಲೆ ಹೇಳಿದ ಬ್ರಷ್ಷೇ.

ಕಲೆ ಕಲೆಯಾಗಿ ಕಂಡರೆ

ಒಂದು ಕಡೆ ಹೊಳಪು, ಒಂದು ಕಡೆ ಮಂಕು ಇದ್ದರೆ ಅರ್ಧ ತೊಳೆದಿದೆ ಎಂದೇ ಲೆಕ್ಕ. ಅನುಮಾನ ಇದ್ದರೆ ಒಂದೇ ಟೈರಿನ ಅರ್ಧ ಭಾಗವನ್ನು ಬಿಳಿ ನೊರೆ ಬರುವ ತನಕ ಉಜ್ಜಿ, ಇನ್ನರ್ಧ ಹಾಗೇ ಬಿಟ್ಟು, ಎರಡಕ್ಕೂ ಒಂದೇ ಪಾಲಿಶ್ ಹಚ್ಚಿ ಒಂದು ವಾರ ನೋಡಿ. ಬಾಟಲಿಯ ತಪ್ಪೋ ಕೈಯ ತಪ್ಪೋ ಗೊತ್ತಾಗುತ್ತದೆ. ಕೆಳಗಡೆ ಮಾತ್ರ ಕಮಾನಿನ ಹಾಗೆ ಮಂಕು ಉಳಿದಿದ್ದರೆ ಕಾರನ್ನು ಅರ್ಧ ಸುತ್ತು ಮುಂದೆ ದೂಡಿ ಹಚ್ಚಲು ಮರೆತಿದ್ದೀರಿ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಇದ್ದರೆ ಅದೂ ಒಣಗಿದ ಹನಿಗಳ ಕಲೆ ಬಿಡುತ್ತದೆ, ಒರೆಸಿ ಒಣಗಿಸಿದರೆ ಮುಗಿಯಿತು.

ಬ್ರೇಕು ಮತ್ತು ಬೈಕು

ಸ್ಪ್ರೇ ಡಬ್ಬಿ ಹಿಡಿದು ಟೈರಿನ ಕಡೆಗೆ ಹೊಡೆಯುವವರಿಗೆ ಇದು. ಪಾಲಿಶ್ ಹಾಕಿದ ಮೇಲೆ ಬ್ರೇಕು ಸ್ವಲ್ಪ ಜಾರಿದಂತೆ ಅನಿಸಿದರೆ ಕಾರನ್ನು ಅಲ್ಲೇ ನಿಲ್ಲಿಸಿ. ಅಲಾಯ್ ಸಂದಿಯಿಂದ ಡಿಸ್ಕಿಗೆ ಸಿಲಿಕೋನ್ ಬಿದ್ದಿರಬಹುದು. ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ತೊಳೆಯಬಹುದು, ಆದರೆ ಪ್ಯಾಡು ಎಣ್ಣೆ ಕುಡಿದಿದ್ದರೆ ಬದಲಿಸಲೇಬೇಕಾಗುತ್ತದೆ, ಮೆಕ್ಯಾನಿಕ್ಕಿಗೆ ತೋರಿಸದೆ ಓಡಿಸಬೇಡಿ. ರಸ್ತೆ ಮುಟ್ಟುವ ಭಾಗಕ್ಕೂ ಪಾಲಿಶ್ ತಾಗಬಾರದು. ಬೈಕಿನ ಟೈರಿಗೆ ಹಚ್ಚುವುದೇ ಬೇಡ, ತಿರುವಿನಲ್ಲಿ ಬೈಕು ವಾಲಿದಾಗ ನೆಲ ಮುಟ್ಟುವುದು ಆ ಬದಿಯೇ. ಕಾಲೇಜು ಹುಡುಗರು ಎಷ್ಟು ಗೋಗರೆದರೂ ನಾನು ಹಚ್ಚಿ ಕೊಟ್ಟಿಲ್ಲ.

ಇನ್ನೊಂದು, ಪೈಂಟಿಂಗ್ ಮಾಡುವ ಜಾಗದ ಹತ್ತಿರ ಸಿಲಿಕೋನ್ ಸ್ಪ್ರೇ ಹೊಡೆಯಬೇಡಿ. ಗಾಳಿಯಲ್ಲಿ ಹೋಗಿ ಬಾಡಿಗೆ ಕೂತರೆ ಹೊಸ ಪೈಂಟು ಅಲ್ಲಲ್ಲಿ ಮೀನಿನ ಕಣ್ಣಿನ ಹಾಗೆ ಗುಂಡಗೆ ಬಿಟ್ಟುಕೊಳ್ಳುತ್ತದೆ. ಟಿಂಕರಿಂಗಿನವರು ನಮ್ಮಂಥವರನ್ನು ಒಳಗೆ ಬಿಡದಿರಲು ಕಾರಣ ಅದು.

ಪಾಲಿಶ್ ಹಾಕಿದರೂ ಬಿರುಕು ಕಾಣುತ್ತದೆ

ಗಲ್ಫಿನಲ್ಲಿ ಇರುವವರ ಕಾರು ಎಂದರೆ ನಮ್ಮ ಕಾಸರಗೋಡಿನಲ್ಲಿ ಒಂದು ಪ್ರತ್ಯೇಕ ಜಾತಿ. ವರ್ಷದಲ್ಲಿ ಒಂದು ತಿಂಗಳು ಓಡುತ್ತದೆ, ಹನ್ನೊಂದು ತಿಂಗಳು ಮನೆಯ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗುತ್ತದೆ. ಮೀಟರಿನಲ್ಲಿ 20,000 ಕಿ.ಮೀ. ಕೂಡ ಇರುವುದಿಲ್ಲ, ಟೈರಿನ ಬಟನ್, ಅಂದರೆ ರಸ್ತೆ ಮುಟ್ಟುವ ಗಡ್ಡೆ, ಹೊಸದರ ಹಾಗೆ, ಆದರೆ ಬದಿಯಲ್ಲಿ ಕೂದಲೆಳೆಯ ಬಿರುಕು. ರಜೆಗೆ ಬಂದ ಇಚ್ಚಾಗಳು (ನಮ್ಮ ಕಡೆ ಅಣ್ಣಂದಿರನ್ನು ಕರೆಯುವ ಮಾತು) ಕೇಳುವ ಪ್ರಶ್ನೆ ಒಂದೇ, ಓಡಿಸದ ಟೈರ್ ಹೇಗೆ ಹಾಳಾಯಿತು? ಓಡಿಸದ್ದಕ್ಕೇ. ಟೈರ್ ಬಾಗಿ ಎದ್ದರಲ್ಲವೇ ಒಳಗಿನ ಮೇಣ ಮೇಲೆ ಬರುವುದು. ನಿಂತ ಟೈರಿಗೆ ಆ ರಕ್ಷಣೆ ಇಲ್ಲ, ಓಝೋನಿಗೆ ರಜೆಯೂ ಇಲ್ಲ.

ಈ ಬಿರುಕಿಗೆ ಪಾಲಿಶ್ ಮದ್ದಲ್ಲ. ಅದು ಬಿರುಕನ್ನು ತುಂಬಿ ನಾಲ್ಕು ದಿನ ಮುಚ್ಚುತ್ತದೆ, ಅದಕ್ಕೇ ಕಾರು ಮಾರುವವರಿಗೆ ಪಾಲಿಶ್ ಮೇಲೆ ಅಷ್ಟು ಪ್ರೀತಿ. ಟೈರಿನ ಬದಿಯಲ್ಲಿ ಡಿಒಟಿ ಎಂಬ ಮೂರು ಇಂಗ್ಲಿಷ್ ಅಕ್ಷರದಿಂದ ಶುರುವಾಗುವ ಸಾಲು ಹುಡುಕಿ, ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಹೊರಗಡೆ ಆ ಅಂಕಿ ಕಾಣದಿದ್ದರೆ ಒಳಬದಿಯಲ್ಲಿ ಇರುತ್ತದೆ, ಬಗ್ಗಿ ನೋಡಬೇಕು.

ಹಳೆ ಕಾರು ಕೊಳ್ಳುವವರು ಹೀಗೆ ಮಾಡಿ. ಟೈರ್ ಅತಿಯಾಗಿ ಮಿಂಚುತ್ತಿದ್ದರೆ ಸೋಪುನೀರು ಕೇಳಿ ಒಂದು ಗೇಣು ಜಾಗ ತೊಳೆದು ಒಣಗಲು ಬಿಡಿ. ಒಣಗಿದ ಮೇಲೆ ಅಕ್ಷರಗಳ ಬುಡದಲ್ಲಿ, ರಿಮ್ಮಿನ ಅಂಚಿನಲ್ಲಿ, ಬಟನ್ ಸಂದಿಯ ತಳದಲ್ಲಿ ಮೊಬೈಲ್ ಟಾರ್ಚ್ ಹಿಡಿದು ಹೆಬ್ಬೆರಳಿನಿಂದ ಒತ್ತಿ ನೋಡಿ. ಒತ್ತಿದಾಗ ಬಾಯಿ ಬಿಡುವ ಬಿರುಕು ಇದ್ದರೆ ನಾಲ್ಕು ಟೈರಿನ ಬೆಲೆಯನ್ನು ಕಾರಿನ ಬೆಲೆಯಿಂದ ಕಳೆದು ಮಾತಾಡಿ. ತೊಳೆಯಲು ಮಾರುವವರು ಬಿಡದಿದ್ದರೂ ಅಷ್ಟೇ ಕಳೆಯಿರಿ.